ಎಳೆಯರನ್ನು ಹರಾಜಿಗೆ ಕಳಿಸಲು ಇಷ್ಟು ಅವಸರವೇಕೆ?

ಸಂಪಾದಕರಿಗೆ,

ಮಾನ್ಯರೇ,

2017ರ ಬಳಿಕ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾದದ್ದು, ತಂಡಗಳು ಆಟಗಾರರನ್ನು ಕೊಳ್ಳುವ ಹರಾಜಿನಲ್ಲಿ ಆಗ ಭಾರತ ತಂಡದ ನಾಯಕರಾಗಿದ್ದ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ರೂಪಾಯಿ ದೊರೆತದ್ದು, ಮಹಿಳೆಯರಿಗೂ ಮೊದಲ ಬಾರಿಗೆ ಲೀಗ್ ನಡೆದದ್ದು ನನ್ನಂಥ ಹಳೆಯ ಹಾಕಿ ಶಿಕ್ಷಕರಿಗೆ ಬಹಳ ಸಂತೋಷ ತಂದ ಸಂಗತಿಗಳು. ಆ ಋತುವಿನಲ್ಲಿ ಪುರುಷರ ಪ್ರತಿ ತಂಡದ 24 ಮಂದಿಯಲ್ಲಿ ಕನಿಷ್ಠ ನಾಲ್ವರು ಕಿರಿಯರಿರಬೇಕೆಂಬ ನಿಯಮವನ್ನೂ ನಾನು ಸ್ವಾಗತಿಸಿದ್ದೆ. ಆದರೆ ಆ ನಿಯಮ ಹೊರಬಿದ್ದ ಮೇಲೆ ಕೊಡಗಿನ ಮೈದಾನಗಳಲ್ಲಿ ತಂದೆತಾಯಿಯರು ಕೇಳುವ ಪ್ರಶ್ನೆಯೇ ಬದಲಾಗಿದೆ. ಮಗನ ಆಟ ಹೇಗಿದೆ ಎಂದು ವಿಚಾರಿಸುತ್ತಿದ್ದವರು ಈಗ ಅವನ ಹೆಸರು ಹರಾಜಿಗೆ ಯಾವಾಗ ಹೋಗುತ್ತದೆ ಎಂದು ಕೇಳುತ್ತಿದ್ದಾರೆ. ಎರಡು ಲಕ್ಷ ರೂಪಾಯಿಯ ಮೂಲಬೆಲೆಯೂ ತೋಟದ ಕೂಲಿಯನ್ನೇ ನಂಬಿದ ಮನೆಗೆ ಎಷ್ಟು ದೊಡ್ಡದೆಂದು ನಾನು ಬಲ್ಲೆ. ಹಾಗಾಗಿ ಅವರನ್ನು ದೂರಲಾರೆ.

ಹದಿಹರೆಯದವರು ಹಿರಿಯರೊಡನೆ ಆಡಲೇಬಾರದು ಎಂಬುದು ನನ್ನ ವಾದವಲ್ಲ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳನ್ನು ಸೇರಿಸಿತು. ಅಲ್ಲಿ ಶಾಲೆಗೆ ಹೋಗುವ ಹುಡುಗ ತನ್ನ ಚಿಕ್ಕಪ್ಪನಿಗೆ ಚೆಂಡು ಕೊಡುತ್ತಾನೆ, ಕೊಟ್ಟದ್ದು ತಪ್ಪಿದರೆ ಬೈಸಿಕೊಂಡು ಮರುಕ್ಷಣವೇ ಮತ್ತೆ ಚೆಂಡಿನ ಹಿಂದೆ ಓಡುತ್ತಾನೆ. ತಪ್ಪು ಮಾಡುವ ಈ ಸ್ವಾತಂತ್ರ್ಯದಿಂದಲೇ ಆಟ ಮೈಗೂಡುತ್ತದೆ. ಹಣ ಕೊಟ್ಟು ಕೊಂಡ ತಂಡ ಕೆಲವೇ ವಾರಗಳಲ್ಲಿ ಫಲಿತಾಂಶ ಬಯಸುವುದರಿಂದ ಆ ಸ್ವಾತಂತ್ರ್ಯವನ್ನು ಕೊಡಲಾರದು. 24 ಜನರಲ್ಲಿ ಏಕಕಾಲಕ್ಕೆ ಕಣದಲ್ಲಿರುವವರು 11 ಮಂದಿ ಮಾತ್ರ. ಉಳಿದವರ ಸಾಲಿನಲ್ಲಿ ಕುಳಿತು ಋತುವನ್ನು ಕಳೆಯುವ ಹುಡುಗ, ಅದೇ ಸಮಯದಲ್ಲಿ ತನ್ನ ವಯಸ್ಸಿನವರೊಡನೆ ಆಡಬಹುದಾಗಿದ್ದ ಪಂದ್ಯಗಳನ್ನೂ ಕಳೆದುಕೊಳ್ಳುತ್ತಾನೆ.

ವಿವೇಕ್ ಸಾಗರ್ ಪ್ರಸಾದ್ 2018ರಲ್ಲಿ 17ನೇ ವಯಸ್ಸಿಗೇ ಭಾರತಕ್ಕೆ ಆಡಿದರಲ್ಲ ಎಂದು ಕೇಳುವವರಿದ್ದಾರೆ. ನಿಜ, ಅಂಥ ಪ್ರತಿಭೆಯನ್ನು ಯಾರೂ ತಡೆಯಬಾರದು. ಆದರೆ 2016ರ ಡಿಸೆಂಬರ್‌ನಲ್ಲಿ ಲಖನೌದಲ್ಲಿ ಬೆಲ್ಜಿಯಂ ತಂಡವನ್ನು 2-1ರಿಂದ ಮಣಿಸಿ ಜೂನಿಯರ್ ವಿಶ್ವಕಪ್ ಗೆದ್ದ ನಮ್ಮ ತಂಡವನ್ನೂ ನೆನೆಯಬೇಕು. ಆ ಫೈನಲ್‌ನಲ್ಲಿ ಗೋಲು ಹೊಡೆದ ಗುರ್ಜಂತ್ ಸಿಂಗ್ ಮತ್ತು ಸಿಮ್ರನ್‌ಜೀತ್ ಸಿಂಗ್ ಇಬ್ಬರೂ ಟೋಕಿಯೊ ಒಲಿಂಪಿಕ್ಸ್ ತಂಡದಲ್ಲಿದ್ದರು. ಜರ್ಮನಿಯ ವಿರುದ್ಧ 5-4ರಿಂದ ಗೆದ್ದ ಕಂಚಿನ ಪದಕದ ಪಂದ್ಯದಲ್ಲಿ ಸಿಮ್ರನ್‌ಜೀತ್ ಎರಡು ಗೋಲು ಹೊಡೆದರು. ಸಮವಯಸ್ಕರ ಆಟದಲ್ಲಿ ಪೂರ್ತಿ ಪಳಗುವುದರಿಂದ ಕಾಲ ವ್ಯರ್ಥವಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ನನಗೆ ಬೇಕಿಲ್ಲ.

ದೇಹದ ಮಾತನ್ನೂ ಹೇಳಬೇಕು. ಡ್ರ್ಯಾಗ್ ಫ್ಲಿಕ್ ಮಾಡುವವನು ನೆಲದ ಮಟ್ಟಕ್ಕೆ ಬಾಗಿ ಸೊಂಟವನ್ನು ತಿರುಚಿ ಚೆಂಡನ್ನು ಎಳೆದು ಎಸೆಯಬೇಕಾಗುತ್ತದೆ. ಬೆಳೆಯುತ್ತಿರುವ ಬೆನ್ನೆಲುಬಿಗೆ ಅದು ಬಹಳ ಭಾರ. ಆಯ್ಕೆಗಾರರ ಕಣ್ಣಿಗೆ ಬೀಳಬೇಕೆಂದು ದಿನವೂ ಲೆಕ್ಕವಿಲ್ಲದೆ ಫ್ಲಿಕ್ ಮಾಡಿ, 16ನೇ ವಯಸ್ಸಿಗೆ ಬೆನ್ನುನೋವಿನಿಂದ ಸ್ಟಿಕ್ ಕೆಳಗಿಟ್ಟ ಒಬ್ಬ ಹುಡುಗ ನನ್ನ ಶಿಷ್ಯನೇ. ಅವನನ್ನು ಆಗಲೇ ತಡೆಯಲಿಲ್ಲವೆಂಬ ನೋವು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಲೀಗ್ ಡಿಸೆಂಬರ್ ಕೊನೆಯಿಂದ ಫೆಬ್ರುವರಿ ಮೊದಲ ದಿನದವರೆಗೆ ನಡೆಯಿತು. ನಮ್ಮ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಮಕ್ಕಳು ಮಾರ್ಚ್ ಪರೀಕ್ಷೆಗೆ ಓದಬೇಕಾದ ಕಾಲ ಅದೇ. ಆ ವರ್ಷ ಕರ್ನಾಟಕದ ಹೆಸರಿನ ತಂಡವೇ ಇರಲಿಲ್ಲವಾದ್ದರಿಂದ ನಮ್ಮ ಹುಡುಗರು ಆಡಲು ಬೇರೆ ರಾಜ್ಯಗಳ ತಂಡಗಳನ್ನೇ ಸೇರಬೇಕಿತ್ತು. ಮುಂದೆ ಗಾಯಗೊಂಡು ಆಟ ನಿಂತರೆ ಕೈಹಿಡಿಯುವುದು ಓದು; ಕ್ರೀಡಾ ಕೋಟಾದ ಕೆಲಸಕ್ಕೂ ಅಂಕಪಟ್ಟಿ ಬೇಕು.

ಆದ್ದರಿಂದ ಹಾಕಿ ಕರ್ನಾಟಕ ಮತ್ತು ಕ್ರೀಡಾ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ: ಕ್ರೀಡಾ ವಸತಿ ನಿಲಯಗಳ ಮಕ್ಕಳ ಹೆಸರನ್ನು 18 ತುಂಬುವ ಮುನ್ನ ಹರಾಜಿಗೆ ಕಳಿಸಕೂಡದು. ಅಸಾಧಾರಣ ಪ್ರತಿಭೆಗೆ ವಿನಾಯಿತಿ ಕೊಡಬೇಕೆನಿಸಿದರೆ, ತರಬೇತುದಾರರ ಜೊತೆಗೆ ವೈದ್ಯರ ಮತ್ತು ಶಾಲೆಯ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ವಿರಾಜಪೇಟೆ