ಕಾಕಟೂ ಎಂದರೆ ಬರೀ ಬಿಳಿ ಗಿಳಿಯಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ ಸಾಕುಹಕ್ಕಿಗಳ ಕುರಿತ ಬರಹದಲ್ಲಿ ಕಾಕಟೂವನ್ನು ಜುಟ್ಟಿರುವ ಬಿಳಿ ಗಿಳಿ ಎಂದಷ್ಟೇ ಪರಿಚಯಿಸಿ, ಅದರ ಆರೈಕೆಯನ್ನು ಉಳಿದ ಗಿಳಿಗಳ ಜೊತೆಗೇ ಸೇರಿಸಿ ಹೇಳಲಾಗಿದೆ. ಹಕ್ಕಿಯನ್ನು ಕೊಳ್ಳಲು ಹೊರಟವರಿಗೆ ಇಷ್ಟು ಸಾಲದು.

ಬಾಗಿದ ಕೊಕ್ಕು, ಮುಂದೆರಡು ಹಿಂದೆರಡು ಬೆರಳುಗಳ ಕಾಲು ಎಲ್ಲ ಗಿಳಿಗಳಿಗೂ ಸಮಾನ. ಆದರೆ ಆಸ್ಟ್ರೇಲಿಯಾ, ನ್ಯೂಗಿನಿ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಮತ್ತು ಸಾಲೊಮನ್ ದ್ವೀಪಗಳ ಮೂಲದ ಕಾಕಟೂಗಳದ್ದು 20ಕ್ಕೂ ಹೆಚ್ಚು ಪ್ರಭೇದಗಳ ಬೇರೆಯೇ ಕುಟುಂಬ. ಹೆಚ್ಚಿನ ಗಿಳಿಗಳಲ್ಲಿ ಕಾಣದ ಪಿತ್ತಕೋಶ ಇವುಗಳಿಗಿದೆ. ನಮ್ಮ ಹೊಲಗಳಿಗೆ ಬರುವ ಗಿಳಿಯ ಹಸಿರು, ಗರಿಯಲ್ಲಿನ ಹಳದಿ ವರ್ಣದ್ರವ್ಯದೊಂದಿಗೆ ಗರಿಯ ಸೂಕ್ಷ್ಮ ರಚನೆಯು ಬೆಳಕನ್ನು ಚದುರಿಸಿ ಮೂಡಿಸುವ ನೀಲಿ ಬೆರೆತು ಉಂಟಾದದ್ದು. ಆ ರಚನೆ ಕಾಕಟೂಗಳಲ್ಲಿ ಇಲ್ಲದಿರುವುದರಿಂದ ಅವುಗಳಲ್ಲಿ ಬಿಳಿ, ಕಪ್ಪು, ಬೂದು, ಹಳದಿ, ಗುಲಾಬಿ, ಕೆಂಪು ಬಣ್ಣಗಳಿರುತ್ತವೆಯೇ ಹೊರತು ಅಪ್ಪಟ ಹಸಿರು, ನೀಲಿ ಇರುವುದಿಲ್ಲ.

ಸಾಕುವವರಿಗೆ ಇದಕ್ಕಿಂತ ಮುಖ್ಯವಾದದ್ದು ಧೂಳು. ಕೆಲವು ಬೇರೆ ಗಿಳಿಗಳಲ್ಲೂ ಇರುವ, ಆದರೆ ಕಾಕಟೂಗಳಲ್ಲಿ ಹೇರಳವಾಗಿರುವ ವಿಶೇಷ ಗರಿಗಳ ತುದಿ ಸದಾ ಸವೆದು ಬಿಳಿ ಹುಡಿಯಾಗುತ್ತದೆ. ಹಕ್ಕಿ ಅದನ್ನು ಮೈಗೆಲ್ಲ ಸವರಿಕೊಳ್ಳುವುದರಿಂದ, ಕಪ್ಪು ಕೊಕ್ಕಿನ ಕಾಕಟೂಗಳಲ್ಲಿ ಕೊಕ್ಕು ಬೂದು ಮೆತ್ತಿದಂತೆ ಕಾಣುತ್ತದೆ. ಕೊಕ್ಕು ಮಿರುಗುವ ಕಪ್ಪಾದರೆ ಆರೋಗ್ಯದ ಕಳೆಯೆಂದು ಸಂತೋಷಪಡುವಂತಿಲ್ಲ. ಗರಿ ಮತ್ತು ಕೊಕ್ಕಿಗೆ ತಗಲುವ ವೈರಾಣು ರೋಗದ ಸೂಚನೆ ಅದಾಗಿರಬಹುದು, ಪಶುವೈದ್ಯರಿಗೆ ತೋರಿಸಬೇಕು. ಈ ಹುಡಿ ಆಸ್ತಮಾ ಇರುವವರ ಮನೆಗೆ ಸಲ್ಲದು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕಾಕಟೀಲ್ ಕೂಡ ಇದೇ ಕುಟುಂಬದ ಅತಿ ಚಿಕ್ಕ ಸದಸ್ಯ, ಹಾಗಾಗಿ ಅದೂ ಹುಡಿ ಉದುರಿಸುತ್ತದೆ.

ಇವುಗಳ ಕಿರುಚಾಟ ಪಕ್ಕದ ಮನೆಯವರ ತಾಳ್ಮೆಯನ್ನೂ ಪರೀಕ್ಷಿಸುತ್ತದೆ. ಇನ್ನು ಆಯುಷ್ಯ: ಷಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದ 'ಕುಕೀ' ಎಂಬ ಕಾಕಟೂ 2016ರಲ್ಲಿ ಸತ್ತಾಗ ಅದಕ್ಕೆ 83 ವರ್ಷ. ನಿವೃತ್ತಿಯ ನಂತರ ಹವ್ಯಾಸಕ್ಕೆಂದು ಇದನ್ನು ತರುವವರು ತಮ್ಮ ಮೊಮ್ಮಕ್ಕಳನ್ನೂ ಒಂದು ಮಾತು ಕೇಳುವುದು ಒಳ್ಳೆಯದು.

ನಮ್ಮ ದೇಶದ ಗಿಳಿಗಳನ್ನು ಪಂಜರದಲ್ಲಿ ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾಕಟೀಲ್ ಬಿಟ್ಟು ಉಳಿದ ಕಾಕಟೂಗಳು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಅನುಬಂಧಗಳಲ್ಲಿರುವುದರಿಂದ, ಕಾಯ್ದೆಯ 2022ರ ತಿದ್ದುಪಡಿಯಂತೆ ಅವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸುವುದು ಕಡ್ಡಾಯ. ಪುರವಣಿಯ ಬರಹದಲ್ಲಿ ಹಕ್ಕಿಯ ಬೆಲೆ ಇತ್ತು, ಈ ನಿಯಮದ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂದಿನ ಸಂಚಿಕೆಯಲ್ಲಿ ನೋಂದಣಿಯ ವಿವರ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಮೈಸೂರು