ಅಪ್ಪ–ಅಮ್ಮ ಸೋಲಲು ವಯಸ್ಸು ಕಾರಣವಲ್ಲ

ಮಾನ್ಯರೇ,

ಬೇಸಿಗೆ ರಜೆ ಬಂದರೆ ಸಾಕು, ಮಕ್ಕಳಿಗೆ ವಿಡಿಯೊ ಗೇಮ್ ಬಿಡಿಸುವುದು ಹೇಗೆ ಎಂಬ ಲೇಖನಗಳು ಪತ್ರಿಕೆಗಳಲ್ಲಿ ಸಾಲುಗಟ್ಟುತ್ತವೆ. ಅದೇ ಮನೆಯಲ್ಲಿ ಹತ್ತಿಪ್ಪತ್ತು ವರ್ಷ ಬಿಟ್ಟು ಮತ್ತೆ ಆಡಲು ಕೂರುವ ಅಪ್ಪ–ಅಮ್ಮನ ಬಗ್ಗೆ ಯಾರೂ ಬರೆಯುವುದಿಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಕ್ಯಾಸೆಟ್ ಗೇಮ್ ಸಿಕ್ಕಿಸಿ ಕಾಂಟ್ರಾ, ಮಾರಿಯೊ ಆಡಿದವರು, ಆಮೇಲೆ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಮಕ್ಕಳಿಗೆಂದು ತಂದ, ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲ್‌ನಲ್ಲಿ ತಾವೂ ಒಂದು ಕೈ ನೋಡೋಣ ಅಂತ ಕೂತು, ಹತ್ತು ನಿಮಿಷದಲ್ಲಿ ಸೋತು, ‘ವಯಸ್ಸಾಯ್ತಪ್ಪ, ಕೈ ಓಡಲ್ಲ’ ಎಂದು ಎದ್ದುಬಿಡುತ್ತಾರೆ. ಬಹಳಷ್ಟು ಸಲ ತಪ್ಪಿರುವುದು ಸೆಟ್ಟಿಂಗ್‌ನಲ್ಲಿ.

ಮೊದಲ ಅಪರಾಧಿ ಟಿವಿ. ಹಳೆಯ ಡಬ್ಬಾ ಟಿವಿ ಬಂದ ಸಿಗ್ನಲ್ಲನ್ನು ಹಾಗ್ಹಾಗೇ ಪರದೆಗೆ ತಳ್ಳುತ್ತಿತ್ತು. ಈಗಿನ ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವವರಿಗೆ ಇದರಿಂದ ನಷ್ಟವಿಲ್ಲ. ಆಟದಲ್ಲಾದರೆ, ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಮಾರಿಯೊ ಜಿಗಿಯುವುದಕ್ಕೂ ನಡುವೆ ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡಿಗೂ ಹೆಚ್ಚು ಹೋಗುತ್ತದೆ. ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಓಡುವ ಆಟದಲ್ಲಿ ಅದು 6 ಫ್ರೇಮ್. ಅಷ್ಟರಲ್ಲಿ ಮಾರಿಯೊ ಹಳ್ಳದೊಳಗಿರುತ್ತಾನೆ. ರಿಮೋಟ್ ತೆಗೆದುಕೊಂಡು ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕಿದರೆ ಈ ವಿಳಂಬ ಬಹುಪಾಲು ಟಿವಿಗಳಲ್ಲಿ 20 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಕನ್ಸೋಲ್ ಸಿಕ್ಕಿಸಿರುವ ಎಚ್‌ಡಿಎಂಐ ಇನ್‌ಪುಟ್‌ನಲ್ಲಿ ಇದ್ದುಕೊಂಡೇ ಅದನ್ನು ಹಾಕಬೇಕು, ಏಕೆಂದರೆ ಹಲವು ಟಿವಿಗಳು ಪ್ರತಿ ಇನ್‌ಪುಟ್‌ಗೂ ಸೆಟ್ಟಿಂಗ್ ಬೇರೆ ಇಟ್ಟುಕೊಳ್ಳುತ್ತವೆ. ಧ್ವನಿಗೂ ಇದೇ ಮಾತು: ಬ್ಲೂಟೂತ್ ಸ್ಪೀಕರ್‌ನಲ್ಲಿ ಗುಂಡಿನ ಸದ್ದು ತಡವಾಗಿ ಬರುತ್ತದೆ, ವೈರ್ ಇರುವುದೇ ಒಳ್ಳೆಯದು.

ಅಟ್ಟದಿಂದ ಹಳೇ ಕ್ಯಾಸೆಟ್ ಗೇಮನ್ನೇ ಇಳಿಸುವವರಿಗೂ ಒಂದು ಮಾತು. ಬಾತುಕೋಳಿ ಹೊಡೆಯುವ ಆಟದ ಪಿಸ್ತೂಲು ಹೊಸ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿಯಿದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಪಿಸ್ತೂಲಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕನ್ನು ಹಿಡಿಯಬೇಕು. ಅದರ ಲೆಕ್ಕಾಚಾರವೆಲ್ಲ ಡಬ್ಬಾ ಟಿವಿಯ ವೇಗಕ್ಕೆ ಮಾಡಿದ್ದು. ಎಲ್‌ಇಡಿ ಪರದೆಯ ಬೆಳಕು ಆ ಗಳಿಗೆಗೆ ಸಿಗುವುದಿಲ್ಲ. ಪಿಸ್ತೂಲು ಕೆಟ್ಟಿದೆಯೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌.ಪಿ. ರಸ್ತೆ ಸುತ್ತುವುದು ವ್ಯರ್ಥ. ಇನ್ನು ಕ್ಯಾಸೆಟ್‌ಗೆ ಬಾಯಿಂದ ಊದುವ ಅಭ್ಯಾಸ: ಉಸಿರಿನ ತೇವದಿಂದ ಒಳಗಿನ ಪಿನ್‌ಗಳಿಗೆ ಕಿಲುಬು ಹಿಡಿಯುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸಿಕ್ಕಿಸಬೇಕು. ಪಿಎಸ್2 (ಸೋನಿಯ ಹಳೇ ಕನ್ಸೋಲ್ ಪ್ಲೇಸ್ಟೇಷನ್ 2) ಡಿಸ್ಕ್ ಜೋಪಾನ ಮಾಡಿಟ್ಟವರಿಗೆ ನಿರಾಸೆ ಕಾದಿದೆ. ಪಿಎಸ್5ರಲ್ಲಿ ಪಿಎಸ್4ರ ಡಿಸ್ಕ್ ಓಡುತ್ತದೆ, ಅದೂ ಡಿಸ್ಕ್ ಡ್ರೈವ್ ಇದ್ದರೆ. ಪಿಎಸ್2, ಪಿಎಸ್3ರದ್ದು ಓಡುವುದಿಲ್ಲ.

ಕಂಟ್ರೋಲರ್ ವಿಷಯಕ್ಕೆ ಬಂದರೆ, ಹಿಂದೆ ಪ್ಲಸ್ ಆಕಾರದ ಒಂದು ಗುಂಡಿ, ಜಿಗಿಯಲು ಹೊಡೆಯಲು ಎರಡು ಗುಂಡಿ, ಮುಗಿಯಿತು. ಈಗ ಹೆಬ್ಬೆರಳಿನಿಂದ ಆಡಿಸುವ ಎರಡು ಪುಟ್ಟ ಕೋಲುಗಳಿವೆ: ಎಡಗೋಲು ಮನುಷ್ಯನನ್ನು ನಡೆಸುತ್ತದೆ, ಬಲಗೋಲು ಕ್ಯಾಮೆರಾವನ್ನು ತಿರುಗಿಸುತ್ತದೆ. ಎರಡೂ ಒಟ್ಟಿಗೆ ಕೈಗೆ ಬರಲು ಕೆಲವು ಸಂಜೆ ಬೇಕು. ಪಿಎಸ್5ರಲ್ಲಿ ‘ಆಸ್ಟ್ರೋಸ್ ಪ್ಲೇರೂಮ್’ ಎಂಬ ಆಟ ಉಚಿತವಾಗಿ ಮೊದಲೇ ಇರುತ್ತದೆ. ಮಕ್ಕಳಾಟದಂತೆ ಕಂಡರೂ ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ನೇರವಾಗಿ ಬಂದೂಕಿನ ಆಟಕ್ಕೆ ಇಳಿದವರಿಗೆ ಅರ್ಧ ಗಂಟೆಯಲ್ಲಿ ತಲೆ ಸುತ್ತಿ ವಾಕರಿಕೆ ಬರುವುದುಂಟು. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಕೂತಿದ್ದೇನೆ ಎನ್ನುತ್ತದೆ, ಜಗಳ ಅಲ್ಲಿ. ಸೆಟ್ಟಿಂಗ್‌ನಲ್ಲಿ ‘ಮೋಷನ್ ಬ್ಲರ್’ (ಚಲಿಸುವಾಗ ಚಿತ್ರ ಮಸುಕಾಗುವುದು), ‘ಕ್ಯಾಮೆರಾ ಶೇಕ್’ (ದೃಶ್ಯ ಅಲುಗುವುದು) ತೆಗೆಯಿರಿ, ‘ಫೀಲ್ಡ್ ಆಫ್ ವ್ಯೂ’ (ಕಾಣುವ ದೃಶ್ಯದ ಅಗಲ) ಇದ್ದರೆ ಹೆಚ್ಚಿಸಿ, ಕ್ಯಾಮೆರಾ ವೇಗ ಇಳಿಸಿ, ಗ್ರಾಫಿಕ್ಸ್‌ನಲ್ಲಿ ಚಿತ್ರ ನಯವಾಗಿ ಓಡುವ ‘ಪರ್ಫಾರ್ಮೆನ್ಸ್’ ಆರಿಸಿ, ಕೋಣೆಯ ದೀಪ ಹಾಕಿಕೊಳ್ಳಿ. ವಾಕರಿಕೆ ಶುರುವಾದ ಮೇಲೆ ಹಟಕ್ಕೆ ಬಿದ್ದು ಆಡಬಾರದು. ಚಾಳೀಸು ಬಂದವರು ಸಬ್‌ಟೈಟಲ್ ಅಕ್ಷರವನ್ನೂ ದೊಡ್ಡದು ಮಾಡಿಕೊಳ್ಳಲಿ.

ಸಂಸಾರಸ್ಥರು ಆಟ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ನಡುವೆ ನಿಲ್ಲಿಸಬಹುದೇ? ಕುಕ್ಕರ್ ಕೂಗಿದಾಗ, ಬಾಗಿಲು ಬಡಿದಾಗ ಒಬ್ಬರೇ ಆಡುವ ಬಹುತೇಕ ಆಟಗಳು ನಿಲ್ಲುತ್ತವೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ತರಹದ ಆನ್‌ಲೈನ್ ಆಟ ಯಾರಿಗೂ ಕಾಯುವುದಿಲ್ಲ. ಜತೆಯಲ್ಲಿ ಆಡಬೇಕೆಂದರೆ 2021ರ ‘ಇಟ್ ಟೇಕ್ಸ್ ಟೂ’ ಒಂದೇ ಟಿವಿಯಲ್ಲಿ ಇಬ್ಬರೇ ಆಡುವಂತೆ ಮಾಡಿದ್ದು. ವಿಚ್ಛೇದನಕ್ಕೆ ಹೊರಟ ಗಂಡ ಹೆಂಡತಿಯ ಕಥೆ, ಆಯ್ಕೆ ನಿಮ್ಮದು!

ಶನಿವಾರ ಸಂಜೆ ಆಡಬೇಕಿದ್ದರೆ ಶುಕ್ರವಾರ ರಾತ್ರಿಯೇ ಡೌನ್‌ಲೋಡ್‌ಗೆ ಹಾಕಿ. 100 ಜಿಬಿಯ ಆಟ 100 ಎಂಬಿಪಿಎಸ್ ಇಂಟರ್ನೆಟ್ ಲೈನಿನಲ್ಲಿ, ಪೂರ್ತಿ ವೇಗ ಸಿಕ್ಕರೂ, ಎರಡೂಕಾಲು ಗಂಟೆ ತೆಗೆದುಕೊಳ್ಳುತ್ತದೆ. 825 ಜಿಬಿ ಜಾಗ ಎಂದು ಬಂದ ಮೊದಲ ಪಿಎಸ್5ರಲ್ಲಿ ಬಳಸಲು ಸಿಗುವುದು ಸುಮಾರು 667 ಜಿಬಿ ಮಾತ್ರ. ನಮ್ಮ ಊರಿನ ಮಳೆಗಾಲದ ಕರೆಂಟನ್ನೂ ಮರೆಯಬಾರದು. ಕನ್ಸೋಲನ್ನು ಪೂರ್ತಿ ಆರಿಸದೆ ‘ರೆಸ್ಟ್ ಮೋಡ್’ನಲ್ಲಿ ಬಿಟ್ಟಾಗ ಕರೆಂಟ್ ಹೋದರೆ ಸೇವ್ ಮಾಡದ ಆಟ ಹೋದ ಹಾಗೇ. ದೊಡ್ಡ ಆಟ ಓಡುವಾಗ ಪಿಎಸ್5 ಸುಮಾರು 200 ವ್ಯಾಟ್ ಎಳೆಯುತ್ತದೆ. ಟಿವಿ, ರೌಟರ್ ಸೇರಿದರೆ 600 ವಿಎ ಯುಪಿಎಸ್ ಏದುಸಿರು ಬಿಡುತ್ತದೆ, 1 ಕೆವಿಎ ಇರಲಿ. ಮನೆಯ ಇನ್ವರ್ಟರ್‌ಗೆ ಕೊಡುವುದಾದರೆ ಅದು ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಬಗೆ) ಆಗಿರಬೇಕು.

ಮಗುವಿನ ಅಕೌಂಟಿನಲ್ಲಿ ಆಡಿ, ಅದು ಸೇವ್ ಮಾಡಿದ ಆಟ ಅಳಿಸಿಹೋದರೆ ಮನೆ ರಣರಂಗವಾಗುತ್ತದೆ. ನಿಮ್ಮ ಅಕೌಂಟಿನಲ್ಲಿ ಅದು ಆಡಿದರೆ ನಿಮ್ಮ ಕಾರ್ಡಿನ ದುಡ್ಡು ಕರಗುತ್ತದೆ. ಇಬ್ಬರಿಗೂ ಬೇರೆ ಅಕೌಂಟ್, ಮಗುವಿನದಕ್ಕೆ ಖರ್ಚಿನ ಮಿತಿ ಸೊನ್ನೆ, ನಿಮ್ಮದಕ್ಕೆ ಪಾಸ್‌ವರ್ಡ್. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಆದರೆ ಆಟದೊಳಗೆ ಬಟ್ಟೆ, ಬಂದೂಕು ಮಾರುವ ಅಂಗಡಿಗಳು ತೆರೆದೇ ಇವೆ.

ಮೊಬೈಲ್ ಫೋನುಗಳ ವಿಮರ್ಶೆಗೆ ಪುಟ ಕೊಡುವ ತಮ್ಮ ಪತ್ರಿಕೆ ಆಟಗಳನ್ನೂ ಪರಿಚಯಿಸಲಿ. ಕಥೆ, ಗ್ರಾಫಿಕ್ಸ್ ವರ್ಣನೆಯ ಜತೆ ಎಷ್ಟು ಜಿಬಿ, ನಡುವೆ ನಿಲ್ಲಿಸಬಹುದೇ, ಒಂದೇ ಟಿವಿಯಲ್ಲಿ ಇಬ್ಬರು ಆಡಬಹುದೇ, ಕೊಂಡ ಮೇಲೆ ಮತ್ತೆ ದುಡ್ಡು ಕೇಳುತ್ತದೆಯೇ ಎಂಬುದನ್ನೂ ಅಚ್ಚು ಹಾಕಬೇಕೆಂದು ಕೋರಿಕೆ.

– ಓದುಗ, ರಾಜಾಜಿನಗರ, ಬೆಂಗಳೂರು