ಆಯ್ಕೆಯ ದಿನ ಒಳಮನಸ್ಸಿನ ಸರದಿ ಕೊನೆಗೆ ಬರಲಿ

ಮಾನ್ಯ ಸಂಪಾದಕರೇ,

ಮುಂಬಯಿ ಸುತ್ತಲಿನ ಕನ್ನಡ ಸಂಘಗಳ ವಾರ್ಷಿಕ ಕ್ರೀಡಾಕೂಟ ಹತ್ತಿರ ಬಂತೆಂದರೆ ಡೊಂಬಿವಲಿಯಿಂದ ವಸಾಯಿವರೆಗೆ ಹುಡುಗರ ಕಬಡ್ಡಿ ತಂಡಗಳ ಆಯ್ಕೆ ಶುರುವಾಗುತ್ತದೆ. "ಅಂಗಣಕ್ಕೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ, ಇವನು ಆಟಗಾರನೋ ಅಲ್ಲವೋ ಅಂತ" ಎಂಬ ಮಾತು ಆಗ ಎಲ್ಲ ಕಡೆ ಕೇಳಿಬರುತ್ತದೆ. ಅನುಭವಿ ತರಬೇತುದಾರರು ಪಂದ್ಯದ ನಡುವೆ ಹೀಗೆ ಹೇಳಿದರೆ ನಂಬಬಹುದು. ಆಯ್ಕೆಯ ದಿನ ಹೇಳಿದರೆ ನಂಬಲು ನಮಗೆ ಅಳುಕು.

ಪಂದ್ಯದಲ್ಲಿ ಒಳಮನಸ್ಸು, ಅಂದರೆ ಯೋಚಿಸುವ ಮೊದಲೇ ಮೂಡುವ ಅನಿಸಿಕೆ, ಹೇಳಿದ್ದು ಸರಿಯೋ ತಪ್ಪೋ ಎಂಬುದು ಎದುರಾಳಿ ಅಂಗಣಕ್ಕೆ ನುಗ್ಗಿ ಮರಳುವ 30 ಸೆಕೆಂಡಿನ ಒಂದು ರೈಡ್ ಮುಗಿಯುವುದರೊಳಗೆ ತಿಳಿದುಬಿಡುತ್ತದೆ. ತುದಿಗಾಲಲ್ಲಿ ಆಡುತ್ತಿದ್ದ ರೈಡರ್ ಹಿಮ್ಮಡಿ ಊರತೊಡಗುತ್ತಾನೆ, ಬಾಕ್ ಲೈನ್ (ಎದುರಾಳಿ ಅಂಗಣದಲ್ಲಿ ರೈಡರ್ ದಾಟಬೇಕಾದ ಗೆರೆ) ದಾಟಿದ ಕೂಡಲೇ ತಿರುಗಿಬಿಡುತ್ತಾನೆ, ವಾಪಸು ಬಂದು ಮೊಣಕಾಲಿಗೆ ಕೈ ಕೊಟ್ಟು ನಿಲ್ಲುತ್ತಾನೆ. ಇದನ್ನೆಲ್ಲ ನೂರಾರು ಸಲ ನೋಡಿದ ಕಣ್ಣಿಗೆ "ಇವನನ್ನು ಈಗಲೇ ಬದಲಿಸು" ಎಂದು ಹೊಳೆಯುವುದು ಗುರುತು ಹಿಡಿಯುವ ಕೆಲಸವೇ. 1980ರ ದಶಕದಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಅಧ್ಯಯನ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇದನ್ನೇ ಕಂಡರು. ಆ ಮುಖ್ಯಸ್ಥರಲ್ಲಿ ಹೆಚ್ಚಿನವರು ನಾಲ್ಕು ದಾರಿ ಮುಂದಿಟ್ಟುಕೊಂಡು ತೂಗುತ್ತಿರಲಿಲ್ಲ. ಮೊದಲು ಹೊಳೆದದ್ದನ್ನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡಿ, ತೊಡಕು ಕಾಣದಿದ್ದರೆ ಮುಂದುವರಿಯುತ್ತಿದ್ದರು. ಒಳಮನಸ್ಸನ್ನು ಸದಾ ಅನುಮಾನದಿಂದ ನೋಡುತ್ತಿದ್ದ ಮನಃಶಾಸ್ತ್ರಜ್ಞ ಡೇನಿಯಲ್ ಕಾನಮನ್ ಜೊತೆ ಸೇರಿ ಕ್ಲೈನ್ 2009ರಲ್ಲಿ ಒಂದು ಪ್ರಬಂಧ ಬರೆದರು. ಇಬ್ಬರೂ ಒಪ್ಪಿದ ಷರತ್ತು ಎರಡು: ಕೆಲಸದಲ್ಲಿ ಮರಳಿ ಮರಳಿ ಬರುವ ಕ್ರಮವಿರಬೇಕು, ಆ ಕ್ರಮವನ್ನು ಕಲಿಯಲು ಫಲಿತಾಂಶ ಬೇಗ, ಸ್ಪಷ್ಟವಾಗಿ ಸಿಗುತ್ತಿರಬೇಕು.

ಆಯ್ಕೆಯಲ್ಲಿ ಎರಡನೆಯ ಷರತ್ತು ಕುಸಿಯುತ್ತದೆ. ಬಿಟ್ಟ ಹುಡುಗ ಮನೆಗೆ ಹೋದ. ಆಡಿದ್ದರೆ ಏನಾಗುತ್ತಿದ್ದನೆಂದು ಯಾರಿಗೂ ತಿಳಿಯುವುದಿಲ್ಲ. ಆರಿಸಿದವನಿಗೆ ಅಭ್ಯಾಸ ಸಿಕ್ಕಿ ಸುಧಾರಿಸುತ್ತಾನೆ, "ನೋಡಿ, ನಾನು ಹೇಳಿರಲಿಲ್ಲವೇ" ಎನ್ನುತ್ತೇವೆ. ಮೇಲಾಗಿ ನಮ್ಮಲ್ಲಿ ಮೊದಲ ಪ್ರಶ್ನೆಯೇ "ಊರು ಯಾವುದಪ್ಪ?" ಕುಂದಾಪುರವೋ ವಿಜಯಪುರವೋ ಎಂದು ತಿಳಿದ ಮೇಲೆ ಕಣ್ಣು ಬೇರೆಯೇ ನೋಡುತ್ತದೆ. ವಯಸ್ಸಿನ ಮೋಸವೂ ಇದೆ. ವಯೋಮಿತಿಯನ್ನು ಜನವರಿ 1ರಿಂದ ಎಣಿಸಿದರೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಹೆಚ್ಚು ಆಯ್ಕೆಯಾಗುವುದು ಐಸ್ ಹಾಕಿ, ಫುಟ್‌ಬಾಲ್‌ಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹತ್ತು ತಿಂಗಳ ಬೆಳವಣಿಗೆಯನ್ನು ನಾವು ಪ್ರತಿಭೆ ಅಂದುಕೊಳ್ಳುತ್ತೇವೆ.

ಹಾಗೆಂದು ಒಳಮನಸ್ಸನ್ನು ಹೊರಗಟ್ಟಬೇಕಿಲ್ಲ, ಅದರ ಸರದಿ ಬದಲಾದರೆ ಸಾಕು. 1950ರ ದಶಕದಲ್ಲಿ ಇಸ್ರೇಲ್ ಸೇನೆಯ ಸಂದರ್ಶನ ಪದ್ಧತಿ ರೂಪಿಸಿದಾಗ ಕಾನಮನ್ ಆರು ಗುಣಗಳಿಗೆ ಬೇರೆ ಬೇರೆ ಅಂಕ ಕೊಡಿಸಿ, ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಒಟ್ಟಾರೆ ಅನಿಸಿಕೆಗೂ ಒಂದು ಅಂಕ ಕೊಡಿಸಿದರು. ಆ ಕೊನೆಯ ಅಂಕ ಆರು ಅಂಕಗಳ ಮೊತ್ತದಷ್ಟೇ ಚೆನ್ನಾಗಿ ಕೆಲಸ ಮಾಡಿತು. ಕಬಡ್ಡಿಗೆ ಐದು ಸಾಕು: ಕಾಲಿನ ಚುರುಕು, ಹಿಡಿತ, ಪಕ್ಕದವನೊಂದಿಗೆ ಕೈ ಹಿಡಿದ ಸರಪಳಿ ಉಳಿಸಿಕೊಳ್ಳುವುದು, ಸತತ ಮೂರನೇ ರೈಡ್ ಆದ ಮೇಲಿನ ಉಸಿರು, ಹೇಳಿದ ತಿದ್ದುಪಡಿಯನ್ನು ಮುಂದಿನ ಸಲ ಮಾಡಿ ತೋರಿಸುವುದು. ಈ ಕೊನೆಯದಕ್ಕೆ ನಮ್ಮ ಮಟ್ಟಿಗೆ ಹೆಚ್ಚು ಬೆಲೆ. ಒಂದೊಂದಕ್ಕೆ 1ರಿಂದ 5 ಅಂಕ. ಒಂದು ಗುಣವನ್ನು ಎಲ್ಲ ಹುಡುಗರಲ್ಲಿ ನೋಡಿ ಮುಗಿಸಿ ಮುಂದಿನದಕ್ಕೆ ಹೋಗಬೇಕು, ಇಲ್ಲವಾದರೆ ಮೊದಲು ಕೊಟ್ಟ 5 ಉಳಿದ ಅಂಕಗಳನ್ನೂ ಎಳೆದೊಯ್ಯುತ್ತದೆ. ಬೆನ್ನಿಗೆ ನಂಬರ್ ಇರಲಿ, ಹೆಸರು, ಊರು ಆಮೇಲೆ. ಆಯ್ಕೆಗಾರರು ಹಾಳೆ ಒಪ್ಪಿಸುವವರೆಗೆ ಪರಸ್ಪರ ಮಾತಾಡಬಾರದು.

ಪಂದ್ಯದ ಕಣ್ಣು ಬೆಳೆಸಲು ಮೊಬೈಲ್ ವಿಡಿಯೋ ಸಾಕು. ಅಂಗಣದ ಹಿಂಬದಿಯಿಂದ, ಸ್ವಲ್ಪ ಎತ್ತರದಲ್ಲಿ ಚಿತ್ರೀಕರಿಸಿ. ಹಿಡಿತ ಬೀಳುವ ಮುಂಚೆಯೇ ನಿಲ್ಲಿಸಿ, ಯಾವ ಕಾರ್ನರ್ (ಅಂಚಿನಲ್ಲಿ ನಿಲ್ಲುವ ರಕ್ಷಕ) ನುಗ್ಗುತ್ತಾನೆ, ರೈಡರ್ ಸಿಕ್ಕಿಬೀಳುತ್ತಾನೋ ಇಲ್ಲವೋ ಎಂದು ಬರೆದು, ಆಮೇಲೆ ಮುಂದೆ ಓಡಿಸಿ. ದಿನಕ್ಕೆ ಹತ್ತು ರೈಡ್, ಕಾಲು ಗಂಟೆ. ಟೆನಿಸ್, ಕ್ರಿಕೆಟ್ ಸಂಶೋಧಕರು ಬಹಳ ಹಿಂದಿನಿಂದ ಬಳಸುತ್ತಿರುವ ವಿಧಾನವಿದು. ಊಹೆಯ ಪಕ್ಕದಲ್ಲೇ ಹತ್ತಕ್ಕೆ ಎಷ್ಟು ಖಾತ್ರಿ ಎಂದೂ ಬರೆಯಿರಿ. "ಎಂಟು" ಎಂದು ಬರೆದ ಇಪ್ಪತ್ತು ಊಹೆಗಳಲ್ಲಿ ಹತ್ತೇ ಸರಿಯಾದರೆ ಆ ವಿಷಯದಲ್ಲಿ ನಿಮ್ಮ ಒಳದನಿಗೆ ಇನ್ನೂ ಕಿವಿಗೊಡುವ ಹೊತ್ತು ಬಂದಿಲ್ಲ. ಪಂದ್ಯದಲ್ಲಿ ಹೊಳೆದರೂ ಮಾಡದೆ ಬಿಟ್ಟ ಆಟಗಾರರ ಬದಲಾವಣೆಗಳನ್ನೂ ಬರೆಯಬೇಕು. ಬಹಳಷ್ಟು ಜನ ಬಿಡುವುದು ಇದನ್ನೇ. ಸೋತ ಸಿಟ್ಟಿನಲ್ಲಿ, ಹಸಿದ ಹೊಟ್ಟೆಯಲ್ಲಿ ಬಂದ ಅನಿಸಿಕೆಯನ್ನು ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ.

ಸಂಘಗಳ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟು: ಆಯ್ಕೆಯ ಅಂಕದ ಹಾಳೆಗಳನ್ನು ಎರಡು ವರ್ಷ ಕಾದಿಡಿ. ಕೈಬಿಟ್ಟ ಹುಡುಗರನ್ನು ಆರು ತಿಂಗಳಿಗೆ ಮತ್ತೆ ಕರೆದು, ಹಳೆಯ ಅಂಕ ತೋರಿಸದೆ ಬೇರೆ ತರಬೇತುದಾರರಿಂದ ನೋಡಿಸಿ.

— ಕೆಲವು ಕಬಡ್ಡಿ ತರಬೇತುದಾರರು, ಡೊಂಬಿವಲಿ